ಆರಾಮಾಗಿದ್ದೀನಿ ಅಂತ ಮಾತ್ರೆ ಬಿಡಬೇಡಿ

ಕೋಲಾರ ಜಿಲ್ಲೆಯ ಕೇಳುಗರಿಗೆಲ್ಲ ನಮಸ್ಕಾರ. ಹಾರ್ಟ್ ಅಟ್ಯಾಕ್ ಆಗಿ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರ ಜೊತೆ ಇವತ್ತು ನನ್ನ ಮಾತು. ಮನೆಯವರೂ ರೇಡಿಯೋ ಹತ್ತಿರ ಕೂತ್ಕೊಳ್ಳಿ. ಹೇಳುವುದು ಒಂದೇ: ಡಾಕ್ಟರು ಹೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ.

ಶ್ರೀನಿವಾಸಪುರದ ಕಡೆಯ ಮಾವಿನ ರೈತರೊಬ್ಬರು ನನ್ನ ಹತ್ತಿರ ಬರುತ್ತಾರೆ. ಸ್ಟೆಂಟ್ ಹಾಕಿದ ಮೇಲೆ ಹೊತ್ತು ಹೊತ್ತಿಗೆ ಅವರ ಮನೆಯಾಕೆಯೇ ಮಾತ್ರೆ ಎಣಿಸಿ ಕೊಡುತ್ತಿದ್ದರು. ಅಷ್ಟರಲ್ಲಿ ಮಾವಿನ ಸೀಸನ್ ಬಂತು. ರಾತ್ರಿಯೆಲ್ಲಾ ಮಂಡಿಯಲ್ಲಿ ಲಾರಿ ಕಾಯಬೇಕು. ಊಟಕ್ಕೇ ಪುರುಸೊತ್ತಿಲ್ಲ, ಇನ್ನು ಮಾತ್ರೆಗೆಲ್ಲಿ? ಸಾಲದ್ದಕ್ಕೆ ಯಾರೋ ಹೇಳಿದರು, 'ಗುಂಡುಕಲ್ಲಿನ ಹಾಗಿದ್ದೀಯ, ಇಷ್ಟೊಂದು ನುಂಗಿದರೆ ಕಿಡ್ನಿ ಹೋಗುತ್ತೆ' ಅಂತ. ಇವರು ಎಲ್ಲಾ ಬಿಟ್ಟರು. ಒಂದಷ್ಟು ದಿನ ಏನೂ ಆಗಲಿಲ್ಲ. ಒಂದು ಬೆಳಗಿನ ಜಾವ ಕ್ರೇಟು ಎತ್ತುವಾಗ ಎದೆ ಹಿಂಡಿತು. ಮೈಯೆಲ್ಲಾ ಬೆವರು, ದವಡೆವರೆಗೂ ನೋವು. ಮಗ ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿದ. ಪುಣ್ಯಕ್ಕೆ ಹಮಾಲಿಯೊಬ್ಬರು 108ಕ್ಕೆ ಫೋನ್ ಮಾಡಿದರು. ನೋಡಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿದೆ! ಜೀವ ಉಳಿಯಿತು. ಆದರೆ ಹೃದಯದ ಸ್ನಾಯು ಒಂದಷ್ಟು ಸತ್ತುಹೋಗಿತ್ತು. ಈಗ ತೋಟದ ಬದು ಹತ್ತಿದರೂ ಏದುಸಿರು.

ಅವರು ಆರಾಮಾಗಿದ್ದದ್ದೇ ಮಾತ್ರೆಯಿಂದ, ಅಲ್ವಾ? ಸ್ಟೆಂಟ್ ಲೋಹದ ಸಣ್ಣ ಜಾಲರಿ. ಅದರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವುದು ಆಸ್ಪಿರಿನ್, ಜೊತೆಗೆ ಕ್ಲೊಪಿಡೊಗ್ರೆಲ್ ಥರದ ಇನ್ನೊಂದು. ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು, ಆಮೇಲೂ ಒಂದು ಬೇಕೇ ಬೇಕು. ಹಲ್ಲು ಕೀಳಿಸುವುದಿದ್ದರೂ ಕೇಳದೆ ನಿಲ್ಲಿಸಬೇಡಿ. ಅಟೊರ್ವಾಸ್ಟಾಟಿನ್ ಕೊಲೆಸ್ಟರಾಲಿಗೆ. ರಿಪೋರ್ಟ್ ನಾರ್ಮಲ್ ಬಂತು ಅಂತ ಅದನ್ನೂ ಬಿಡಬೇಡಿ. ಹೃದಯದ ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್ ದಿಢೀರ್ ಅಂತ ಬಿಟ್ಟರೆ ಎದೆನೋವು ಮತ್ತೆ ಬರಬಹುದು. ಯಾವುದಾದರೂ ಮಾತ್ರೆ ಒಗ್ಗುತ್ತಿಲ್ಲವಾ? ಬಂದು ಹೇಳಿ, ಬದಲಾಯಿಸಿ ಕೊಡುತ್ತೇವೆ. ಸುಮ್ನೆ ಬಿಡಬೇಡಿ.

ಸಾರ್ಬಿಟ್ರೇಟ್ ಮಾತ್ರ ಎದೆನೋವು ಬಂದಾಗ ತಗೊಳ್ಳುವ ಮಾತ್ರೆ. ಕೂತುಕೊಂಡು ನಾಲಿಗೆ ಕೆಳಗೆ ಇಟ್ಟುಕೊಳ್ಳಿ. ನಿಂತಿದ್ದರೆ ಬಿಪಿ ಇಳಿದು ತಲೆ ಸುತ್ತೀತು. 5 ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಫೋನ್ ಮಾಡಿ. ವಯಾಗ್ರ ಥರದ ಮಾತ್ರೆ ತಗೊಂಡವರು ಸಾರ್ಬಿಟ್ರೇಟ್ ಮುಟ್ಟಲೇಬಾರದು. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಸಮಯ ಮುಗೀತಾ ಬಂತು. ಬೀಡಿ, ಸಿಗರೇಟು ಬಿಡಿ, ದಿನಾ ನಿಧಾನವಾಗಿ ನಡೆಯಿರಿ. ದುಡ್ಡಿನ ತೊಂದರೆ ಇದ್ದವರಿಗೆ ಜನೌಷಧಿ ಅಂಗಡಿಯಲ್ಲಿ ಈ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ಸ್ಟ್ರಿಪ್ಪಿನಲ್ಲಿ ಇನ್ನೂ ನಾಲ್ಕೈದು ಇರುವಾಗಲೇ ಮುಂದಿನದು ತಂದಿಟ್ಟುಕೊಳ್ಳಿ. ನಮಸ್ಕಾರ.