ಪೈಲ್ವಾನರೇ, ನಿಧಾನವಾಗಿ ಓಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಜಿಮ್‌ಗೆ ಹೋಗುವ ಹುಡುಗ ಹುಡುಗಿಯರ ಬಾಯಲ್ಲಿ ಈಚೆಗೆ ಒಂದು ಹೆಸರು ಓಡಾಡುತ್ತಿದೆ. ಹೈರಾಕ್ಸ್. ಇವತ್ತಿನ ಮಾತು ಅದರ ತಯಾರಿಯ ಬಗ್ಗೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2017ರಲ್ಲಿ ಹುಟ್ಟಿದ ಸ್ಪರ್ಧೆ ಇದು. ಹುಟ್ಟುಹಾಕಿದವರಲ್ಲಿ ಒಬ್ಬರು ಮೊರಿಟ್ಸ್ ಫ್ಯುರ್ಸ್ಟೆ, 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜರ್ಮನ್ ಹಾಕಿ ತಂಡದ ಆಟಗಾರ. ನಮ್ಮ ದೇಶಕ್ಕೆ ಅದು ಬಂದದ್ದು 2025ರ ಮೇ ತಿಂಗಳಲ್ಲಿ, ಮುಂಬೈಗೆ.

ನಿಯಮ ಸುಲಭ. ದೊಡ್ಡ ಸಭಾಂಗಣದೊಳಗೆ ಒಂದು ಕಿಲೋಮೀಟರ್ ಓಟ, ಆಮೇಲೆ ಒಂದು ಕಸರತ್ತು. ಹೀಗೆ ಎಂಟು ಸಲ. ಮೊದಲು ಎರಡೂ ಕೈಲಿ ಹಿಡಿಗಳನ್ನು ಕೆಳಕ್ಕೆ ಜಗ್ಗುವ ಸ್ಕೀ ಯಂತ್ರ ಸಾವಿರ ಮೀಟರ್. ಆಮೇಲೆ ಭಾರ ಹೇರಿದ ಸ್ಲೆಡ್, ಅಂದರೆ ಚಕ್ರವಿಲ್ಲದ ಕಬ್ಬಿಣದ ಬಂಡಿ, ತಳ್ಳುವುದು ಐವತ್ತು ಮೀಟರ್, ಅಂಥದೇ ಇನ್ನೊಂದನ್ನು ಹಗ್ಗದಿಂದ ಎಳೆಯುವುದು ಐವತ್ತು. ಬರ್ಪೀ ಹೊಡೆದು, ಅಂದರೆ ಎದೆ ನೆಲಕ್ಕೆ ತಾಗಿಸಿ ಎದ್ದು, ಮುಂದಕ್ಕೆ ಜಿಗಿಯುತ್ತ ಎಂಬತ್ತು, ದೋಣಿಗೆ ಹುಟ್ಟು ಹಾಕಿದಂತೆ ಎಳೆಯುವ ರೋಯಿಂಗ್ ಯಂತ್ರ ಸಾವಿರ. ಎರಡೂ ಕೈಲಿ ಕೆಟಲ್‌ಬೆಲ್ ಎಂಬ ಹಿಡಿಯಿರುವ ಕಬ್ಬಿಣದ ಗುಂಡು ಹಿಡಿದು ಇನ್ನೂರು ಮೀಟರ್ ನಡಿಗೆ, ಹೆಗಲ ಮೇಲೆ ಮರಳಿನ ಚೀಲ ಹೊತ್ತು ನೂರು ಮೀಟರ್ ಲಂಜಸ್, ಅಂದರೆ ಹೆಜ್ಜೆಗೊಮ್ಮೆ ಹಿಂದಿನ ಮಂಡಿ ನೆಲಕ್ಕೆ ತಾಗಿಸುವ ನಡಿಗೆ. ಕೊನೆಗೆ ಕೂತು ಎದ್ದು ಚೆಂಡನ್ನು ಮೇಲಿನ ಗುರಿಗೆ ಎಸೆಯುವ ವಾಲ್‌ಬಾಲ್, ನೂರು ಸಲ.

ಈಗ ಲೆಕ್ಕ ಹಾಕಿ. ಒಂದೂವರೆ ಗಂಟೆಯಲ್ಲಿ ಮುಗಿಸುವವರು ಕಿಲೋಮೀಟರಿಗೆ ಆರು ನಿಮಿಷದಂತೆ ಓಡಿದರೂ 48 ನಿಮಿಷ ಬರೀ ಓಟಕ್ಕೇ ಹೋಯಿತು. ಅರ್ಧಕ್ಕಿಂತ ಹೆಚ್ಚು! ಆದರೆ ತಯಾರಿಗೆ ಬಂದವರು ನನ್ನನ್ನು ಮೊದಲು ಕೇಳುವುದೇನು? "ಸಾರ್, ಸ್ಲೆಡ್ ಯಾವ ಜಿಮ್ಮಲ್ಲಿದೆ?" ಸ್ಲೆಡ್ ಇರಲಿ ಮಾರಾಯರೇ, ರಸ್ತೆ ಇದೆಯಲ್ಲ! ನಾನು ಇವತ್ತು ಹೇಳಲು ಬಂದಿರುವುದು ಒಂದೇ ಮಾತು. ಓಡಿ. ಅದೂ ನಿಧಾನವಾಗಿ ಓಡಿ.

ಮೈಸೂರಿನ ಗರಡಿಮನೆಯ ಹುಡುಗನೊಬ್ಬ ನನ್ನ ಹತ್ತಿರ ಬಂದ. ಹೆಸರು ಬೇಡ, ಈ ಕಾರ್ಯಕ್ರಮ ಅವನೂ ಕೇಳುತ್ತಾನೆ. ಅಪ್ಪ ಪೈಲ್ವಾನರು, ಅಜ್ಜ ಪೈಲ್ವಾನರು. ಕತ್ತು ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಯಿತು ಅಂತ ಹೇಳುವುದಕ್ಕಾಗದ ಮೈ. ಚಿಕ್ಕಂದಿನಿಂದ ದಂಡ, ಬಸ್ಕಿ, ಗದೆ. "ಮುಂಬೈಗೆ ಹೆಸರು ಕೊಟ್ಟಿದೀನಿ ಸಾರ್, ಸ್ವಲ್ಪ ಗೈಡ್ ಮಾಡಿ" ಅಂದ. ಎಷ್ಟು ಓಡ್ತೀಯಪ್ಪ ಅಂತ ಕೇಳಿದೆ. "ದಿನಾ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತೀನಿ" ಅಂದ. ಮೆಟ್ಟಿಲು ಹತ್ತುವುದು ಒಳ್ಳೆಯದೇ, ನಾನು ಕೇಳಿದ್ದು ಓಟ ಅಂದೆ. ನಕ್ಕ. ಆ ನಗುವಿನ ಅರ್ಥ ನನಗೆ ಗೊತ್ತು. ಓಟ ಸಣಕಲರ ಕೆಲಸ ಅಂತ.

ಮುಂಬೈಗೆ ನಾನೂ ಹೋಗಿದ್ದೆ. ಒಳಗೆ ಕಿವಿ ಗಡಚಿಕ್ಕುವ ಸಂಗೀತ, ಕೂಗಾಟ. ಆ ಅಬ್ಬರಕ್ಕೆ ಎಂಥವರ ಕಾಲೂ ತಾನಾಗಿ ಜೋರಾಗುತ್ತದೆ. ನಮ್ಮ ಹುಡುಗ ಮೊದಲ ಕಿಲೋಮೀಟರನ್ನು ಬಸ್ಸು ತಪ್ಪಿಹೋಗುತ್ತೆ ಅನ್ನುವವನಂತೆ ಓಡಿದ. ಸ್ಲೆಡ್ ಹತ್ತಿರ ಬಂದನಲ್ಲ, ನೋಡಬೇಕಿತ್ತು! ಗಂಡಸರ ಓಪನ್ ವಿಭಾಗದಲ್ಲಿ, ಅಂದರೆ ಸಾಮಾನ್ಯ ಸ್ಪರ್ಧಿಗಳ ವಿಭಾಗದಲ್ಲಿ, ಸ್ಲೆಡ್ಡೂ ಸೇರಿ 152 ಕೆಜಿ. ಕೆಳಗೆ ಕಾರ್ಪೆಟ್ಟು, ಅದು ಹಿಡಿದು ನಿಲ್ಲಿಸುತ್ತದೆ. ಹನ್ನೆರಡೂವರೆ ಮೀಟರಿನ ದಾರಿಯಲ್ಲಿ ನಾಲ್ಕು ಸಲ ತಳ್ಳಬೇಕು. ಅಕ್ಕಪಕ್ಕದವರು ಮೂರು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದರೆ, ಇವನು ತಲೆ ತಗ್ಗಿಸಿ ಒಂದೇ ದಮ್ಮಿಗೆ ಆ ತುದಿ ಮುಟ್ಟಿಸಿದ. ಕಟ್ಟೆಯ ಮೇಲಿದ್ದವರು ಶಿಳ್ಳೆ ಹೊಡೆದರು.

ಆಮೇಲೆ? ಸ್ಲೆಡ್ ಎಳೆದು ಮುಗಿಸಿ ನಾಲ್ಕನೆಯ ಕಿಲೋಮೀಟರಿಗೆ ಹೊರಟವನು ನೂರು ಗಜ ಓಡಲಿಲ್ಲ. ನಡೆದ. ತೊಡೆ ಕಲ್ಲಾಗಿತ್ತು, ಬಾಯಿ ತೆರೆದೇ ಇತ್ತು. ಆಗ ಕೂದಲು ಅರ್ಧ ನೆರೆತ ಹೆಂಗಸೊಬ್ಬರು ಅವನ ಪಕ್ಕದಲ್ಲೇ ಹಾದುಹೋದರು. ಕೈಯಲ್ಲಿ ಬಳೆ ಇತ್ತು, ಚೆನ್ನಾಗಿ ನೆನಪಿದೆ. ಅವಸರವಿಲ್ಲ, ಒಂದೇ ಸಮನೆ ಸಣ್ಣ ಸಣ್ಣ ಹೆಜ್ಜೆ. ಮುಂದಿನ ಸುತ್ತಿನಲ್ಲೂ ಅವರೇ ಮುಂದೆ. ಕೊನೆಯ ವಾಲ್‌ಬಾಲ್‌ನಲ್ಲಿ ಈ ಹುಡುಗ ಐದು ಎಸೆದು ಮೊಣಕಾಲಿಗೆ ಕೈಯೂರಿ ನಿಲ್ಲುವುದು, ಮತ್ತೆ ಐದು. ಅರ್ಧಂಬರ್ಧ ಕೂತರೆ ರೆಫರಿ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಅಷ್ಟರಲ್ಲಿ ಆ ತಾಯಿ ಮುಗಿಸಿ, ಹೊರಗೆ ಕೂತು ನೀರು ಕುಡಿಯುತ್ತಿದ್ದರು.

ಬಲ ಕಡಿಮೆಯಾಗಿ ಅವನು ಸೋಲಲಿಲ್ಲ ಸ್ವಾಮಿ. ಬಲ ಬೇಕಾದಷ್ಟಿತ್ತು. ಆ ಬಲವನ್ನು ಎಂಟನೆಯ ಕಸರತ್ತಿನವರೆಗೆ ಹೊತ್ತು ತರುವ ಉಸಿರು ಇರಲಿಲ್ಲ.

ಊರಿಗೆ ಬಂದ ಮೇಲೆ ಅವನನ್ನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡಿಸಿದೆ. ಷರತ್ತು ಒಂದೇ: ಓಡುತ್ತಲೇ ನನ್ನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಬೇಕು. ಮಾತು ತುಂಡಾದರೆ ವೇಗ ಇಳಿಸಬೇಕು. ಮೊದಲ ವಾರ ಅವನಿಗೆ ಅಳುವೇ ಬಂತು. "ಮಂಕಿ ಕ್ಯಾಪ್ ಹಾಕ್ಕೊಂಡು ವಾಕಿಂಗ್ ಬಂದೋರೆಲ್ಲ ನನ್ನ ಹಿಂದೆ ಹಾಕ್ತಾವ್ರೆ ಸಾರ್, ಗರಡಿ ಹುಡುಗ್ರು ನೋಡಿದ್ರೆ ಏನಂದಾರು?" ಹಾಕಲಿ ಬಿಡು ಅಂದೆ. ತಿಂಗಳುಗಳು ಕಳೆದಂತೆ ಅದೇ ಉಸಿರಿನಲ್ಲಿ ವೇಗ ತಾನಾಗಿ ಏರಿತು. ಕಾರಣ ಇಷ್ಟೇ. ನಿಧಾನವಾಗಿ ಹೆಚ್ಚು ಹೊತ್ತು ಓಡಿದಾಗ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದಬ್ಬುವುದನ್ನು ಕಲಿಯುತ್ತದೆ, ತೊಡೆಯ ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಸ್ಲೆಡ್ ತಳ್ಳಿ ಬಂದ ಸುಸ್ತನ್ನು ಓಡುತ್ತಲೇ ಇಳಿಸಿಕೊಳ್ಳುವ ಶಕ್ತಿ ಬರುವುದು ಅಲ್ಲಿಂದ.

"ಓಡಿದ್ರೆ ಮಸಲ್ ಕರಗಿ ಹೋಗುತ್ತೆ" ಅನ್ನುವವರಿಗೆ ಒಂದು ಮಾತು. ಈ ಹೆದರಿಕೆಯ ಬೇರು ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ವಿಜ್ಞಾನಿ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಭಾರ ಎತ್ತುವುದು, ಓಟ ಎರಡನ್ನೂ ಮಾಡಿದವರ ಬಲ ಏಳೆಂಟು ವಾರದ ಹೊತ್ತಿಗೆ ಏರುವುದು ನಿಂತು ಆಮೇಲೆ ಇಳಿಯಿತು, ನಿಜ. ಆದರೆ ಅವರು ಮಾಡಿದ್ದೇನು ಕೇಳಿ: ವಾರಕ್ಕೆ ಐದು ದಿನ ಕಾಲಿನ ಭಾರೀ ಕಸರತ್ತು, ಅದರ ಜೊತೆಗೆ ಆರು ದಿನ ಜೀವ ಹೋಗುವಷ್ಟು ಜೋರು ಸೈಕಲ್ಲು, ಓಟ. ನಿಮಗೆ ಯಾರು ಹಾಗೆ ಮಾಡಿ ಅಂದರು? ಅದಕ್ಕೇ ನಾನು ಹೇಳುವುದು, ನಿಧಾನವಾಗಿ ಓಡಿ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ವಾರದಲ್ಲಿ ಮೂರು ದಿನ ನಿಧಾನದ ಓಟ. ಎರಡು ದಿನ ಭಾರ. ಒಂದು ದಿನ ಎರಡನ್ನೂ ಬೆರೆಸಿ: ಮರಳಿನ ಚೀಲ ಹೊತ್ತು ಲಂಜಸ್ ಹಾಕಿ, ಇಳಿಸಿ, ಆ ನಡುಗುವ ಕಾಲಲ್ಲೇ ಒಂದು ಕಿಲೋಮೀಟರ್ ಓಡಿ, ಮತ್ತೆ ಚೀಲ. ಇನ್ನೊಂದು ದಿನ ಸುಮ್ಮನೆ ಮಲಗಿ. ಒಬ್ಬರಿಗೇ ಕಷ್ಟ ಅನ್ನಿಸಿದರೆ ಜೋಡಿ ವಿಭಾಗವಿದೆ, ನಾಲ್ವರ ರಿಲೇ ಇದೆ. ರಿಲೇಯಲ್ಲಿ ಒಬ್ಬೊಬ್ಬರ ಪಾಲಿಗೆ ಎರಡೇ ಕಿಲೋಮೀಟರ್, ಎರಡೇ ಕಸರತ್ತು. ಊಟದ ಬಗ್ಗೆ ಕಾಗದ ಬರೆದು ಕೇಳಿದವರಿಗೆ: ದಿನಾ ಉಣ್ಣುವುದನ್ನೇ ಉಣ್ಣಿ, ಸ್ಪರ್ಧೆಯ ಬೆಳಗ್ಗೆ ಹೊಸ ಪುಡಿ, ಹೊಸ ಜೆಲ್ ಬೇಡ.

ಶೂ ಬಗ್ಗೆ ಕೇಳದವರೇ ಇಲ್ಲ, ಆದ್ದರಿಂದ ಅದನ್ನೂ ಹೇಳಿ ಮುಗಿಸುತ್ತೇನೆ. ಕಾರ್ಪೆಟ್ಟಿನ ಮೇಲೆ ಜಾರದ ರಬ್ಬರ್ ತಳ ಇರಲಿ, ಹಿಮ್ಮಡಿ ತೀರಾ ಮೆತ್ತಗೆ ದಪ್ಪಗೆ ಬೇಡ, ಸ್ಲೆಡ್ ತಳ್ಳುವಾಗ ಕಾಲು ಅಲ್ಲಾಡುತ್ತದೆ. ಬೆಲೆ ಎಷ್ಟಾದರೂ ಇರಲಿ, ಕೊಂಡ ಮೇಲೆ ಅದನ್ನು ಹಾಕಿಕೊಂಡು ಓಡಿ. ನಮಸ್ಕಾರ.