ಲಾವಾ ಕಲ್ಲಿನ ಮೇಲೆ ಹವಳ

ಎಲ್ಲರಿಗೂ ನಮಸ್ಕಾರ.

ಸಮುದ್ರದಿಂದ ಇಷ್ಟು ದೂರದ ಮೈಸೂರಿನಲ್ಲಿ, ಭಾನುವಾರ ಬೆಳಿಗ್ಗೆ, ನೀರಿನೊಳಗಿನ ವಿಷಯ ಕೇಳಲು ಇಷ್ಟು ಜನ ಬಂದಿದ್ದೀರಿ. ತುಂಬಾ ಖುಷಿಯಾಗಿದೆ. ಸರಸ್ವತಿಪುರಂ ಈಜುಕೊಳದ ಹುಡುಗ ಹುಡುಗಿಯರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಇವತ್ತಿನ ಮಾತು ಮುಖ್ಯವಾಗಿ ಅವರಿಗೆ.

ನಾನು ಹೇಳಬೇಕೆಂದಿರುವುದು, ಡೈವಿಂಗ್ ಮಾಡಿ, ಅಂದರೆ ಗಾಳಿಯ ಟ್ಯಾಂಕ್ ಹೊತ್ತು ಕಡಲಿನೊಳಗೆ ಇಳಿದು, ನೋಡಿ ಬಂದ ಬಾಂಡಾ ದ್ವೀಪಗಳ ಬಗ್ಗೆ. ಇಂಡೋನೇಷ್ಯಾದ ಪೂರ್ವ ಭಾಗದ ಮಲುಕು ಪ್ರಾಂತ್ಯದಲ್ಲಿ ಇವೆ. ಭೂಪಟದಲ್ಲಿ ಹುಡುಕಿದರೆ ಒಂದಿಷ್ಟು ಚುಕ್ಕೆ ಸಿಗುತ್ತವೆ, ಅಷ್ಟೇ. ಆದರೆ ಆ ಚುಕ್ಕೆಗಳ ಬೆಳೆ ನಮ್ಮೆಲ್ಲರ ಮನೆಗೂ ಬಂದಿದೆ. ಜಾಯಿಕಾಯಿ ಮತ್ತು ಜಾಪತ್ರೆ. ಗ್ರಂಥಿಗೆ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಹೋಳಿಗೆಯ ಹೂರಣಕ್ಕೆ ಹಾಕುತ್ತೇವೆ, ಎಳೆ ಮಗುವಿಗೆ ತೇಯ್ದು ನೆಕ್ಕಿಸುತ್ತೇವೆ. ಈಗ ಶಿರಸಿ ಕಡೆಯ ಅಡಿಕೆ ತೋಟಗಳಲ್ಲೂ ಬೆಳೆಯುತ್ತಾರೆ. ಮೂಲ ಊರು ಮಾತ್ರ ಬಾಂಡಾ. ಒಂದು ಕಾಲಕ್ಕೆ ಇಡೀ ಜಗತ್ತಿನ ಜಾಯಿಕಾಯಿ ಆ ಪುಟ್ಟ ದ್ವೀಪಗಳಿಂದಲೇ ಹೊರಡುತ್ತಿತ್ತು.

ಆ ದ್ವೀಪಗಳೆಲ್ಲ ಅಗ್ನಿಪರ್ವತದಿಂದ ಹುಟ್ಟಿದವು. ನಡುವೆ ಬಾಂಡಾ ಆಪಿ ಅನ್ನುವ ಬೆಟ್ಟ ನೇರವಾಗಿ ನೀರಿನಿಂದ ಎದ್ದು ನಿಂತಿದೆ. ಎತ್ತರ 600 ಮೀಟರಿಗೂ ಜಾಸ್ತಿ. ಅದು ಇನ್ನೂ ಜೀವಂತ ಪರ್ವತ. ಎದುರಿಗೆ ಬಾಂಡಾ ನೈರಾ, ಸುತ್ತ ಲೊಂಥೋರ್, ಆಯ್, ರುನ್, ಹತ್ತಾ. ಅಲ್ಲಿಂದ ಪೂರ್ವಕ್ಕೆ ಹೋದರೆ ಕಡಲಿನ ತಳ ಏಳು ಕಿಲೋಮೀಟರಿಗೂ ಕೆಳಗೆ ಇಳಿಯುತ್ತದೆ. ಇಂಥ ಕಡೆ ದಡದಲ್ಲಿ ರೂಮು ಮಾಡಿಕೊಂಡು ದಿನಾ ಡೈವಿಂಗಿಗೆ ಹೋಗಿ ಬರುವುದು ಕಷ್ಟ. ಒಂದು ಜಾಗದಿಂದ ಇನ್ನೊಂದಕ್ಕೆ ಇಡೀ ರಾತ್ರಿ ಪಯಣ. ಅದಕ್ಕೇ ಲಿವ್‌ಅಬೋರ್ಡ್. ಉಣ್ಣುವುದು, ಮಲಗುವುದು, ಟ್ಯಾಂಕಿಗೆ ಗಾಳಿ ತುಂಬಿಸುವುದು, ಎಲ್ಲ ಒಂದೇ ಹಡಗಿನಲ್ಲಿ. ನೀವು ನಿದ್ದೆ ಮಾಡುವಾಗ ಹಡಗು ನಡೆಯುತ್ತದೆ. ಎದ್ದಾಗ ಬೇರೆ ದ್ವೀಪ ಎದುರಿಗಿರುತ್ತದೆ.

ನಾನು ಹೋದದ್ದು ಪಿನಿಸಿ ಅನ್ನುವ ಮರದ ಹಡಗಿನಲ್ಲಿ. ದಕ್ಷಿಣ ಸುಲವೇಸಿಯ ಬಡಗಿಗಳು ಇವತ್ತಿಗೂ ಕಡಲ ದಡದಲ್ಲೇ ಇದನ್ನು ಕಟ್ಟುತ್ತಾರೆ. 2017ರಲ್ಲಿ ಯುನೆಸ್ಕೋ ಆ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಡೆಕ್ಕಿನ ಮೇಲೆ ಬರಿಗಾಲಲ್ಲಿ ನಿಂತರೆ ಮರ ಉಸಿರಾಡುವುದು ಗೊತ್ತಾಗುತ್ತದೆ. ಮಳೆಗಾಳಿಯ ತಿಂಗಳುಗಳಲ್ಲಿ ಬಾಂಡಾ ಸಮುದ್ರ ತುಂಬಾ ಒರಟು. ಹಾಗಾಗಿ ಡೈವಿಂಗ್ ಹಡಗುಗಳು ಎರಡು ಮಾರುತಗಳ ನಡುವಿನ ಬಿಡುವು ನೋಡಿಕೊಂಡು ಹೊರಡುತ್ತವೆ. ಮಾರ್ಚ್ ಏಪ್ರಿಲ್ ಸುತ್ತ ಒಮ್ಮೆ, ಸೆಪ್ಟೆಂಬರಿನಿಂದ ನವೆಂಬರ್ ತನಕ ಇನ್ನೊಮ್ಮೆ.

ದಿನದ ಕ್ರಮ ಸರಳ. ಬೆಳಗಾಗುತ್ತಲೇ ಒಂದು ಡೈವ್, ತಿಂಡಿ ಆದಮೇಲೆ ಒಂದು, ಊಟದ ನಂತರ ಒಂದು, ಕೆಲವು ದಿನ ಕತ್ತಲಾದ ಮೇಲೂ ಒಂದು. ಪ್ರತಿಯೊಂದಕ್ಕೂ ಮುಂಚೆ ಗೈಡ್ ಬೋರ್ಡಿನ ಮೇಲೆ ನಕ್ಷೆ ಬರೆದು ಸೆಳೆತ ಯಾವ ಕಡೆಗಿದೆ, ಎಲ್ಲಿ ಇಳಿಯಬೇಕು, ಎಲ್ಲಿ ಮೇಲೆ ಬರಬೇಕು ಅಂತ ಹೇಳುತ್ತಾರೆ. ಇದನ್ನು ಸುಮ್ನೆ ಕೇಳಿ ಬಿಡುವ ಹಾಗಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ಮೈಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಅದು ಗುಳ್ಳೆಯಾಗಿ ಕೀಲುಗಳನ್ನು, ನರಗಳನ್ನು ಹಾಳುಮಾಡುತ್ತದೆ. ಅದಕ್ಕೇ ನಿಧಾನವಾಗಿ ಏರಬೇಕು. 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು. ದಿನಕ್ಕೆ ಮೂರು ನಾಲ್ಕು ಬಾರಿ ಇಳಿಯುವವರು ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿ, ಬಳಸುತ್ತಾರೆ. ಅದರಲ್ಲಿ ಆಮ್ಲಜನಕ ಸಾಮಾನ್ಯವಾಗಿ 32 ಶೇಕಡ. ನೈಟ್ರೋಜನ್ ಕಡಿಮೆ, ಹಾಗಂತ ಎಷ್ಟು ಬೇಕಾದರೂ ಆಳಕ್ಕೆ ಹೋಗುವಂತಿಲ್ಲ. ಆಳದಲ್ಲಿ ಆಮ್ಲಜನಕವೇ ವಿಷವಾಗುತ್ತದೆ. ಇನ್ನು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಡೈವ್ ಮಾಡಬಾರದು. ನಡುಸಮುದ್ರದಲ್ಲಿ ಆಸ್ಪತ್ರೆ ಇರುವುದಿಲ್ಲ, ಅಲ್ವಾ? ಶಿಸ್ತೇ ಅಲ್ಲಿ ವೈದ್ಯ.

ಈಗ ನನ್ನನ್ನು ಹಿಡಿದಿಟ್ಟ ವಿಷಯಕ್ಕೆ ಬರುತ್ತೇನೆ.

1988ರ ಮೇ ತಿಂಗಳಲ್ಲಿ ಬಾಂಡಾ ಆಪಿ ಸಿಡಿಯಿತು. ಸಾವಿರಾರು ಜನ ಊರು ಬಿಟ್ಟು ಓಡಿದರು. ಲಾವಾ ಹರಿದು ಸಮುದ್ರಕ್ಕೆ ಇಳಿಯಿತು. ಅದರ ದಾರಿಯಲ್ಲಿದ್ದ ಹವಳವೆಲ್ಲ ಬೆಂದು, ಕಲ್ಲಿನಡಿ ಹೂತುಹೋಯಿತು. ನೀರಿನ ಕೆಳಗೆ ಉಳಿದದ್ದು ಕಪ್ಪು, ಬೋಳು ಬಂಡೆ. ಹವಳದ ದಿಬ್ಬ ಹಾಳಾದರೆ ಮತ್ತೆ ಬರಲು ಎಷ್ಟೋ ದಶಕ ಬೇಕು ಅಂತ ನಾವು ಓದಿರುತ್ತೇವೆ. ಐದು ವರ್ಷ ಆದಮೇಲೆ ವಿಜ್ಞಾನಿಗಳು ಅಲ್ಲಿ ಇಳಿದು ಎಣಿಸಿದರು. 124 ಜಾತಿಯ ಹವಳ! ಅಲೆಯ ಹೊಡೆತ ತಾಗದ ಕಡೆ ಬಂಡೆಯ 60 ಶೇಕಡಕ್ಕೂ ಜಾಸ್ತಿ ಭಾಗ ಜೀವಂತ ಹವಳದಿಂದ ಮುಚ್ಚಿತ್ತು. ಆ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಅಕ್ರೊಪೋರಾ ಅನ್ನುವ ಮೇಜಿನಂಥ ಹವಳಗಳು ಅಷ್ಟರಲ್ಲೇ 90 ಸೆಂಟಿಮೀಟರಿಗೂ ಜಾಸ್ತಿ ಅಗಲ ಆಗಿದ್ದವು.

ನಾನು ಇಳಿದಾಗ ಬಂಡೆ ಕಾಣಲೇ ಇಲ್ಲ. ಕಾಣುವುದು ಹವಳ, ಅದರ ಮೇಲೆ ಹವಳ, ಅದರ ಮೇಲೂ ಹವಳ. ಮದುವೆ ಛತ್ರದಲ್ಲಿ ತಟ್ಟೆಗಳನ್ನು ಜೋಡಿಸಿಟ್ಟ ಹಾಗೆ, ಒಂದರ ಅಂಚು ಇನ್ನೊಂದರ ಮೇಲೆ ಬಂದಿರುತ್ತದೆ. ಎರಡು ತಟ್ಟೆಗಳ ನಡುವಿನ ಸಂದಿಯಲ್ಲಿ ಅಲ್ಲಲ್ಲಿ ಒಂದಿಷ್ಟು ಕಪ್ಪು ಕಲ್ಲು ಇಣುಕುತ್ತದೆ. ಅದನ್ನು ನೋಡಿದಾಗ ಮಾತ್ರ ನೆನಪಾಗುತ್ತದೆ, ಇದೆಲ್ಲ ನನ್ನ ಜೀವಮಾನದಲ್ಲೇ ಹುಟ್ಟಿದ ನೆಲ ಅಂತ.

ಇಷ್ಟು ಬೇಗ ಹೇಗೆ ಬೆಳೆಯಿತು? ಹೊಸ ಬಂಡೆ ಗಟ್ಟಿ, ಚೊಕ್ಕಟ, ಅದರ ಮೇಲೆ ಪಾಚಿಯಿಲ್ಲ, ಹೂಳಿಲ್ಲ. ನೀರು ತಿಳಿ. ಇವೆಲ್ಲ ಸರಿ. ಆದರೆ ಮುಖ್ಯ ಕಾರಣ ಬೇರೆ. ಅಕ್ಕಪಕ್ಕದ ದ್ವೀಪಗಳ ಹವಳ ಜೀವಂತವಾಗಿತ್ತು. ಹವಳಗಳು ಮರಿಗಳನ್ನು ನೀರಿಗೆ ಬಿಡುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಸೆಳೆತದಲ್ಲಿ ತೇಲಿಕೊಂಡು ಹೋಗಿ ಗಟ್ಟಿ ಜಾಗ ಸಿಕ್ಕಿದಲ್ಲಿ ಅಂಟಿಕೊಳ್ಳುತ್ತವೆ. ನೆರೆಯವರು ಉಳಿದಿದ್ದರು, ಅದಕ್ಕೇ ಈ ಜಾಗ ಚೇತರಿಸಿತು. ಈ ಮಾತನ್ನು ದಯವಿಟ್ಟು ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಂಡಾ ಸಮುದ್ರದ ಇನ್ನೊಂದು ದ್ವೀಪ ಮಾನುಕ್. ಅದೂ ಅಗ್ನಿಪರ್ವತವೇ. ಜನ ಇಲ್ಲ. ಗಾಳಿ ತಿರುಗಿದರೆ ಗಂಧಕದ ವಾಸನೆ ಹಡಗಿನವರೆಗೂ ಬರುತ್ತದೆ. ನೀರಿಗೆ ಇಳಿದರೆ ಹಾವುಗಳು. ಎಲ್ಲಿ ನೋಡಿದರೂ ಕಡಲ ಹಾವು. ಪಟ್ಟೆ ಪಟ್ಟೆಯವು, ಆಲಿವ್ ಬಣ್ಣದವು. ವಿಷ ತುಂಬಾ ಜೋರು, ಆದರೆ ತಾವಾಗಿ ಕಚ್ಚಲು ಬರುವುದಿಲ್ಲ. ಕುತೂಹಲ ಜಾಸ್ತಿ. ಹತ್ತಿರ ಬಂದು ಮುಖ ನೋಡಿ ಹೋಗುತ್ತವೆ. ನೀವು ಕೈ ಆಡಿಸಬಾರದು, ಅಷ್ಟೇ. ಉಸಿರಿಗಾಗಿ ಅವೂ ನಮ್ಮ ಹಾಗೆ ಮೇಲೆ ಹೋಗಲೇಬೇಕು. ಪಟ್ಟೆಯ ಜಾತಿ ಮೊಟ್ಟೆ ಇಡಲು ನೆಲಕ್ಕೆ ಬರುತ್ತದೆ. ಮನುಷ್ಯರು ಕಾಲಿಡದ ನೆಲ ಅವಕ್ಕೆ ಎಷ್ಟು ಬೇಕು ಅನ್ನುವುದು ಅಲ್ಲಿ ಅರ್ಥವಾಗುತ್ತದೆ. ಸುತ್ತಿಗೆ ತಲೆಯ ಶಾರ್ಕುಗಳ ಗುಂಪನ್ನೂ ಇದೇ ಸಮುದ್ರದಲ್ಲಿ ನೋಡಿದೆ. ಆಳದ ನೀಲಿಯಿಂದ ಸಾಲಾಗಿ ಬಂದು ಸಾಲಾಗಿ ಹೋದವು. ಆ ಜಾತಿ ಈಗ ಅಳಿವಿನ ಅತಿ ಅಪಾಯದ ಪಟ್ಟಿಯಲ್ಲಿದೆ. ರೆಕ್ಕೆಗಾಗಿ ಅಷ್ಟು ಕೊಂದಿದ್ದಾರೆ.

ನೆಲದ ಮೇಲಿನ ಕಥೆಯನ್ನೂ ಹೇಳಲೇಬೇಕು. ಜಾಯಿಕಾಯಿ ಪೂರ್ತಿ ತನಗೇ ಬೇಕು ಅಂತ ಡಚ್ ಈಸ್ಟ್ ಇಂಡಿಯಾ ಕಂಪನಿ 1621ರಲ್ಲಿ ತನ್ನ ಗವರ್ನರ್ ಜನರಲ್ ಯಾನ್ ಪೀಟರ್‌ಸೂನ್ ಕೂನ್ ಕೈಕೆಳಗೆ ಈ ದ್ವೀಪಗಳ ಮೇಲೆ ಬಿತ್ತು. ಊರಿನ ಹಿರಿಯರನ್ನು ಬಾಂಡಾ ನೈರಾದಲ್ಲಿ ಕಡಿದು ಕೊಂದರು. ಸುಮಾರು 15,000 ಇದ್ದ ಜನರಲ್ಲಿ ಅಲ್ಲಿ ಉಳಿದದ್ದು ಸುಮಾರು ಒಂದು ಸಾವಿರ ಅಂತ ಅಂದಾಜು. ತೋಟದ ಕೆಲಸಕ್ಕೆ ಬೇರೆ ಕಡೆಯಿಂದ ಗುಲಾಮರನ್ನು ತಂದರು. ರುನ್ ದ್ವೀಪದ ಮೇಲಿನ ಹಕ್ಕನ್ನು ಇಂಗ್ಲಿಷರು 1667ರ ಬ್ರೆಡಾ ಒಪ್ಪಂದದಲ್ಲಿ ಬಿಟ್ಟುಕೊಟ್ಟರು, ಡಚ್ಚರು ಈಗಿನ ನ್ಯೂಯಾರ್ಕಿನ ಮ್ಯಾನ್‌ಹಟನ್ ಬಿಟ್ಟುಕೊಟ್ಟರು. ಇದನ್ನು ಎಲ್ಲರೂ ಸ್ವಾರಸ್ಯವಾಗಿ ಹೇಳುತ್ತಾರೆ. ನನಗೆ ಕಾಡಿದ್ದು ಬೇರೆ ಸಂಗತಿ. ಆವತ್ತು ದೋಣಿ ಹತ್ತಿ ತಪ್ಪಿಸಿಕೊಂಡ ಕೆಲವರು ದೂರದ ಕಾಯ್ ದ್ವೀಪಗಳಲ್ಲಿ ನೆಲೆಸಿದರು. ಬಾಂಡಾ ಭಾಷೆ ಇವತ್ತು ಉಳಿದಿರುವುದು ಅವರ ಮೊಮ್ಮಕ್ಕಳ ಬಾಯಲ್ಲಿ, ಆ ದ್ವೀಪದಲ್ಲಿ. ಬಾಂಡಾದಲ್ಲೇ ಆ ಭಾಷೆ ಇಲ್ಲ. ಲಾವಾ ಸುಟ್ಟ ಜಾಗ ಐದು ವರ್ಷದಲ್ಲಿ ತುಂಬಿತು. ಮನುಷ್ಯರು ಸುಟ್ಟದ್ದು ನಾನೂರು ವರ್ಷವಾದರೂ ತುಂಬಿಲ್ಲ.

ಈಗ ನಮ್ಮ ಸಮುದ್ರಕ್ಕೆ ಬರೋಣ. ಭಾರತಕ್ಕೂ ಒಂದು ಜೀವಂತ ಅಗ್ನಿಪರ್ವತ ಇದೆ. ಅಂಡಮಾನಿನ ಬ್ಯಾರನ್ ದ್ವೀಪ. ಪೋರ್ಟ್‌ಬ್ಲೇರಿನಿಂದ ಸುಮಾರು 135 ಕಿಲೋಮೀಟರ್. ನೀರಿನ ಮೇಲೆ 354 ಮೀಟರ್ ಕಾಣುತ್ತದೆ, ನೀರಿನ ಕೆಳಗೆ ಎರಡು ಕಿಲೋಮೀಟರಿಗೂ ಜಾಸ್ತಿ ಇದೆ. 1787ರಲ್ಲಿ ಸಿಡಿದದ್ದು ಮೊದಲ ದಾಖಲೆ. ಆಮೇಲೆ ಇನ್ನೂ ಕೆಲವು ಸಲ ಸಿಡಿದು, ನಂತರ ಬಹಳ ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಡೈವರುಗಳು ಅನುಮತಿ ಪಡೆದು ಅದರ ಸುತ್ತ ಇಳಿಯುತ್ತಾರೆ, ದಡ ಹತ್ತುವಂತಿಲ್ಲ. ಹಾವಿನ ದ್ವೀಪ ನೋಡಿ ಬಂದ ಮೇಲೆ ಆ ನಿಯಮ ನನಗೆ ಸರಿ ಅನ್ನಿಸಿದೆ.

ಆದರೆ ನನ್ನ ಆತಂಕ ಇರುವುದು ಲಕ್ಷದ್ವೀಪದ ಬಗ್ಗೆ. ಅಲ್ಲಿ ಬೆಂಕಿಯಿಲ್ಲ, ಬಿಸಿಯಾದ ನೀರಿದೆ. ನೀರು ಬಹಳ ದಿನ ಬಿಸಿಯಾಗಿದ್ದರೆ ಹವಳ ತನ್ನೊಳಗೇ ಇದ್ದು ಊಟ ಕೊಡುವ ಸಣ್ಣ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ, ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಹಾಗಾಯಿತು. 12 ವರ್ಷ ಬಿಟ್ಟು 2010ರಲ್ಲಿ, ಆರೇ ವರ್ಷ ಬಿಟ್ಟು 2016ರಲ್ಲಿ. 2024ರಲ್ಲಿ ಜಗತ್ತಿನ ಉದ್ದಕ್ಕೂ ಮತ್ತೆ ಬಿಳುಚಿತು. ನಮ್ಮ ಮೈಸೂರಿನಲ್ಲೇ ಕಚೇರಿ ಇರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಸಂಶೋಧಕರು ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 24 ವರ್ಷ ಇಳಿದು ಅಳೆದಿದ್ದಾರೆ. 1998ರಲ್ಲಿ ಸುಮಾರು 37 ಶೇಕಡ ಇದ್ದ ಜೀವಂತ ಹವಳ 2022ರ ಹೊತ್ತಿಗೆ ಸುಮಾರು 19 ಶೇಕಡಕ್ಕೆ ಇಳಿದಿತ್ತು. ಬಾಂಡಾದಲ್ಲಿ ಒಂದು ಮೂಲೆ ಸತ್ತಿತ್ತು, ನೆರೆಯವರು ಬದುಕಿದ್ದರು. ಬಿಸಿನೀರು ಬಂದಾಗ ನೆರೆಯವರೂ ಒಟ್ಟಿಗೇ ಬೇಯುತ್ತಾರೆ. ಮರಿ ಕಳಿಸುವವರು ಯಾರು?

ಅದಕ್ಕೇ ಮುಂದಿನ ಸಾಲಿನವರನ್ನು ಕೇಳಿಕೊಳ್ಳುತ್ತೇನೆ. ಡೈವಿಂಗ್ ಕಲಿಯಿರಿ. ಬಾಂಡಾಕ್ಕೆ ಅವಸರ ಬೇಡ, ಅಲ್ಲಿನ ಸೆಳೆತ ಹೊಸಬರಿಗೆ ಅಲ್ಲ. ಮುರ್ಡೇಶ್ವರದ ಹತ್ತಿರ ನೇತ್ರಾಣಿ ಇದೆ. ಮಳೆಗಾಲ ಮುಗಿದು ಅಕ್ಟೋಬರ್ ಹೊತ್ತಿಗೆ ಅಲ್ಲಿ ದೋಣಿಗಳು ಶುರುವಾಗುತ್ತವೆ. ಅದಕ್ಕೂ ಮುಂಚೆ ಕಿವಿ, ಶ್ವಾಸಕೋಶ ಡಾಕ್ಟರಿಗೆ ತೋರಿಸಿ. ಉಬ್ಬಸ ಇದ್ದವರು ಮುಚ್ಚಿಡಬೇಡಿ. ನೀರಿನೊಳಗೆ ಅಲುಗಾಡದೆ ತೇಲುವುದು ಬಂದಮೇಲೆ ಒಂದು ಸ್ಲೇಟು, ಪೆನ್ಸಿಲ್ ತೆಗೆದುಕೊಂಡು ಹೋಗಿ, ಕಂಡ ಮೀನು, ಕಂಡ ಹವಳ ಬರೆದುಕೊಳ್ಳಿ. ಮರುವರ್ಷ ಅದೇ ಜಾಗಕ್ಕೆ ಹೋಗಿ ಮತ್ತೆ ಬರೆಯಿರಿ.

ಚಿತ್ರಗಳನ್ನು ಈಗ ತೋರಿಸುತ್ತೇನೆ. ಲೈಟ್ ಆರಿಸಿದರೆ ಚೆನ್ನಾಗಿ ಕಾಣುತ್ತದೆ. ನಡುವೆ ಏನು ಕೇಳಬೇಕಿದ್ದರೂ ಅಲ್ಲೇ ನಿಲ್ಲಿಸಿ ಕೇಳಿ.