ಏಳನೇ ಹಾಡಿನ ಹಾರ್ಮೋನಿಯಂ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಅಮೆರಿಕದ ಒಂದು ಆಲ್ಬಮ್ ಬಗ್ಗೆ. ಹೆಸರು ‘ಗ್ರೇಸ್’. ಹಾಡಿದವನು ಜೆಫ್ ಬಕ್ಲಿ. 1994ರ ಆಗಸ್ಟ್‌ನಲ್ಲಿ ಇದು ಹೊರಬಂದಾಗ ಅವನಿಗೆ 27 ವರ್ಷ. ಇದನ್ನು ಆಲ್ಟರ್ನೇಟಿವ್ ರಾಕ್, ಅಂದರೆ ರಾಕ್ ಸಂಗೀತದಲ್ಲೇ ಸ್ವಲ್ಪ ಬೇರೆ ದಾರಿಯದು, ಎನ್ನುತ್ತಾರೆ. ರಾಕ್ ಅಂದ ಕೂಡಲೇ ಬರೀ ಗಲಾಟೆ ಅಂದುಕೊಂಡು ದೂರ ಉಳಿಯುವವರು ನಮ್ಮಲ್ಲಿ ಜಾಸ್ತಿ. ಅದಕ್ಕೇ ನಾನು ಮೊದಲ ಹಾಡಿನಿಂದ ಶುರು ಮಾಡುವುದಿಲ್ಲ. ನೇರವಾಗಿ ಏಳನೆಯದಕ್ಕೆ ಬನ್ನಿ.

‘ಲವರ್, ಯೂ ಶುಡ್ ಹ್ಯಾವ್ ಕಮ್ ಓವರ್.’ ಮಳೆ ಬರುತ್ತಿದೆ, ಬಿಟ್ಟುಹೋದವಳಿಗಾಗಿ ಒಬ್ಬ ಕಾಯುತ್ತಿದ್ದಾನೆ. ಕಥೆ ಇಷ್ಟೇ. ಆದರೆ ಹಾಡು ಶುರುವಾಗುವುದೇ ಹಾರ್ಮೋನಿಯಂನಿಂದ. ತುಮಕೂರು ಸೀಮೆಯವರಿಗೆ ಆ ಸದ್ದನ್ನು ಪರಿಚಯ ಮಾಡಿಕೊಡಬೇಕಾ? 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿ ಇಲ್ಲೇ ಪಕ್ಕದಲ್ಲಿದೆ. ವೀರಣ್ಣನವರ ಕಾಲದಲ್ಲಿ ಆ ಕಂಪನಿ ನಾಡೆಲ್ಲ ಸುತ್ತಿತು. ಇವತ್ತಿಗೂ ನಮ್ಮ ಹಳ್ಳಿಯವರು ಕುರುಕ್ಷೇತ್ರ ಆಡಬೇಕೆಂದರೆ ಮೊದಲು ಹುಡುಕುವುದು ಹಾರ್ಮೋನಿಯಂ ಮೇಷ್ಟ್ರನ್ನು.

ಚಿಕ್ಕವನಿದ್ದಾಗ ಅಜ್ಜಿಯ ಮಡಿಲಲ್ಲಿ ತೂಕಡಿಸುತ್ತಾ ಕೇಳಿದ ದುರ್ಯೋಧನನ ಕಂದ ನನಗೆ ಈಗಲೂ ನೆನಪಿದೆ. ಪದ್ಯದ ಮಾತು ಮುಗಿದಿರುತ್ತದೆ. ಪಾತ್ರಧಾರಿ ಮಾತ್ರ ಕೊನೆಯ ಅಕ್ಷರವನ್ನು ಬಿಡುವುದಿಲ್ಲ. ಎಳೆಯುತ್ತಾನೆ, ಮೇಲಕ್ಕೇರಿಸುತ್ತಾನೆ, ಅಲ್ಲೇ ನಿಲ್ಲಿಸುತ್ತಾನೆ. ಮೇಷ್ಟ್ರ ಬೆರಳು ಅವನ ಹಿಂದೆಯೇ ಓಡುತ್ತದೆ. ಜನ ‘ಒನ್ಸ್ ಮೋರ್’ ಅಂತ ಕೂಗುವುದು ಪದ್ಯದ ಅರ್ಥಕ್ಕಲ್ಲ, ಆ ಎಳೆತಕ್ಕೆ. ಅಲ್ವಾ?

ಬಕ್ಲಿಯ ದನಿಯೂ ಹಾಗೆಯೇ. ಮಾತು ಸಾಲದಾದ ಕಡೆ ದನಿಯೊಂದೇ ಮುಂದೆ ಹೋಗುತ್ತದೆ. ‘ಗ್ರೇಸ್’ ಎಂಬ ಹಾಡಿನ ಕೊನೆಯಲ್ಲಿ ಪದಗಳೇ ಇಲ್ಲ, ಬರೀ ಕೂಗು ಏರುತ್ತಾ ಹೋಗುತ್ತದೆ. ಇದರ ಬೇರು ಸ್ವಲ್ಪ ನಮ್ಮ ಕಡೆಯದೇ. ಅವನು ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನರನ್ನು ಆರಾಧಿಸುತ್ತಿದ್ದ. ನ್ಯೂಯಾರ್ಕ್‌ನ ‘ಶಿನೇ’ ಎಂಬ ಪುಟ್ಟ ಕೆಫೆಯಲ್ಲಿ ಒಬ್ಬನೇ ಗಿಟಾರ್ ಹಿಡಿದು ನಿಂತು ಅವರ ಕವ್ವಾಲಿಯನ್ನು ಉರ್ದುವಿನಲ್ಲೇ ಹಾಡುತ್ತಿದ್ದ. ಆ ರೆಕಾರ್ಡಿಂಗ್ ಈಗಲೂ ಸಿಗುತ್ತದೆ. ದಯವಿಟ್ಟು ಕೇಳಿ.

ಆಲ್ಬಮ್ಮಿನ ಹತ್ತು ಹಾಡುಗಳಲ್ಲಿ ಮೂರು ಬೇರೆಯವರವು. ‘ಹಲ್ಲೆಲೂಯಾ’ ಕೆನಡಾದ ಕವಿ-ಗಾಯಕ ಲೆನಾರ್ಡ್ ಕೋಹೆನ್ ಅವರದು, 1984ರದು. ಅದನ್ನು 1991ರಲ್ಲಿ ವೇಲ್ಸ್‌ನ ಸಂಗೀತಗಾರ ಜಾನ್ ಕೇಲ್ ತಮ್ಮ ರೀತಿಯಲ್ಲಿ ಹಾಡಿದರು. ಬಕ್ಲಿ ಕಲಿತದ್ದು ಕೇಲ್ ಹಾಡಿದ ರೀತಿಯಿಂದ. ಒಬ್ಬ ಮೇಷ್ಟ್ರ ಮಟ್ಟು ಇನ್ನೊಬ್ಬರ ಕೈಗೆ ಬಂದು ಬೇರೆಯದೇ ಆಗುವುದನ್ನು ನಾವು ಎಷ್ಟು ಸಲ ಕಂಡಿಲ್ಲ! ಬಕ್ಲಿಯ ಹಾಡು ಶುರುವಾಗುವ ಮೊದಲು ಒಂದು ನಿಟ್ಟುಸಿರು ಕೇಳುತ್ತದೆ. ಈ ಆಲ್ಬಮ್ಮಿನ ನಿರ್ಮಾಪಕ ಆ್ಯಂಡಿ ವಾಲೇಸ್, ನಿರ್ವಾಣ ಎಂಬ ಅಮೆರಿಕದ ರಾಕ್ ತಂಡದ ‘ನೆವರ್‌ಮೈಂಡ್’ ಆಲ್ಬಮ್ಮಿಗೆ ಮಿಕ್ಸಿಂಗ್, ಅಂದರೆ ಬೇರೆ ಬೇರೆ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸ, ಮಾಡಿದ್ದವರು. ಬೇಕಿದ್ದರೆ ಆ ಉಸಿರನ್ನು ಕತ್ತರಿಸಿ ಹಾಕಬಹುದಿತ್ತು. ಅದು ಉಳಿದದ್ದು ನಮ್ಮ ಪುಣ್ಯ.

ಕೊನೆಯ ಹಾಡು ‘ಡ್ರೀಮ್ ಬ್ರದರ್’. ಅದರಲ್ಲಿ ತಬಲಾ ಇದೆ. ತಂದೆಯಾಗಲಿರುವ ಗೆಳೆಯನಿಗೆ, ಬಿಟ್ಟು ಹೋಗಬೇಡ ಎಂದು ಹೇಳುವ ಹಾಡು ಅದು. ಬಕ್ಲಿಯ ಅಪ್ಪ ಟಿಮ್ ಬಕ್ಲಿಯೂ ಹೆಸರಾಂತ ಗಾಯಕ. ಮಗ ಹುಟ್ಟುವ ಮುಂಚೆಯೇ ದೂರವಾದರು, 1975ರಲ್ಲಿ, 28ನೇ ವಯಸ್ಸಿಗೆ ತೀರಿಕೊಂಡರು. ಈ ವಿಷಯ ತಿಳಿದ ಮೇಲೆ ಆ ಹಾಡನ್ನು ಸುಮ್ನೆ ಕೇಳಿ ಮುಂದೆ ಹೋಗಲು ನನಗೆ ಆಗಿಲ್ಲ.

ಆಲ್ಬಮ್ ಬಂದಾಗ ಅಮೆರಿಕದ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 149ನೇ ಸ್ಥಾನದಿಂದ ಮೇಲೇರಲಿಲ್ಲ. 1997ರ ಮೇ 29ರಂದು ಮೆಂಫಿಸ್‌ನಲ್ಲಿ ನದಿಗೆ ಇಳಿದ ಬಕ್ಲಿ ಮತ್ತೆ ಮೇಲೆ ಬರಲಿಲ್ಲ. 30 ವರ್ಷ. ಅವನು ಪೂರ್ತಿ ಮಾಡಿದ ಸ್ಟುಡಿಯೋ ಆಲ್ಬಮ್ ಇದೊಂದೇ.

ಸ್ಪೀಕರ್ ಸಿದ್ಧವಾಗಿದೆ, ಏಳನೇ ಹಾಡು ಹಾಕುತ್ತೇನೆ. ಮುಂದಿನ ಸಾಲಿನಲ್ಲಿ ಇಬ್ಬರು ಹಾರ್ಮೋನಿಯಂ ಮೇಷ್ಟ್ರು ಕೂತಿದ್ದೀರಿ. ಹಾಡು ಮುಗಿದ ಮೇಲೆ ನಿಮ್ಮ ಮಾತನ್ನೇ ಮೊದಲು ಕೇಳಬೇಕು ಅಂತ ನನಗೆ ಆಸೆ.